ಒಬ್ಬನೇ ಗುರು, ಬಾಗ್ವಾ ಮಾತ್ರ ಹಲವು

ಬಾಗ್ವಾ ಎಂಬ ಚೀನೀ ಕಾದಾಟದ ಕಲೆಯನ್ನು ಕಲಿಯಲು ಬರುವ ಹೊಸಬರು ಬೇಗನೆ ಕೇಳುವ ಪ್ರಶ್ನೆ: "ಸರ್, ಯೂಟ್ಯೂಬ್‌ನಲ್ಲಿ ನೋಡಿದ ಬಾಗ್ವಾ ನೀವು ಕಲಿಸೋ ಥರ ಇಲ್ವಲ್ಲ, ಯಾವುದು ಅಸಲಿ?" ಎರಡೂ ಅಸಲಿಯೇ ಇರಬಹುದು.

ತೈಚಿ ಹೆಸರು ಎಲ್ಲರಿಗೂ ಗೊತ್ತು. ಬರೀ ತೋಳ್ಬಲಕ್ಕಿಂತ ಮೈಯ ಹಿಡಿತಕ್ಕೆ ಒತ್ತು ಕೊಡುವ, ಚೀನಾದವರು 'ಒಳಗಿನ ಕಲೆ' ಎನ್ನುವ ಅದೇ ಗುಂಪಿಗೆ ಬಾಗ್ವಾ ಜಾಂಗ್ (ಬಾಗ್ವಾದ ಪೂರ್ಣ ಹೆಸರು) ಕೂಡ ಸೇರುತ್ತದೆ. ಇದರಲ್ಲಿ ಮುಷ್ಟಿಗಿಂತ ಅಂಗೈ ಕೆಲಸ ಜಾಸ್ತಿ. ಅಭ್ಯಾಸ ಎಂದರೆ ಮುಖ್ಯವಾಗಿ ವೃತ್ತದಲ್ಲಿ ನಡೆಯುವುದು. ಕಾಲು ವೃತ್ತದ ಅಂಚಿನಲ್ಲಿ, ಸೊಂಟ ಮತ್ತು ನೋಟ ನಡುವಿನ ಕಡೆಗೆ. ಎದುರಾಳಿಯ ಬಲಕ್ಕೆ ಎದೆ ಕೊಡದೆ ಅವನ ಪಕ್ಕಕ್ಕೋ ಬೆನ್ನಿಗೋ ಜಾರಿಕೊಳ್ಳುವುದು ಇದರ ಉದ್ದೇಶ.

ಬೀಜಿಂಗ್‌ನಲ್ಲಿ ಇದನ್ನು ಕಲಿಸಿ ಹೆಸರಾದವನು ಡಾಂಗ್ ಹೈಚುವಾನ್. ಹೆಬೈ ಪ್ರಾಂತ್ಯದ ವೆನ್‌ಆನ್ ಕಡೆಯವನು. ರಾಜವಂಶದ 'ಸು' ಮನೆತನದ ಅರಮನೆಯಲ್ಲಿ ಕೆಲಸಕ್ಕಿದ್ದ, 1882ರಲ್ಲಿ ತೀರಿಕೊಂಡ. ಬೆಟ್ಟದಲ್ಲಿ ಒಬ್ಬ ತಾವೋ (ಚೀನಾದ ಒಂದು ಹಳೆಯ ಧರ್ಮ) ಸನ್ಯಾಸಿ ಅವನಿಗೆ ಇಡೀ ವಿದ್ಯೆಯನ್ನು ಧಾರೆ ಎರೆದ ಎಂಬ ಕಥೆ ಇದೆ. ಕೇಳಲು ಚೆನ್ನಾಗಿದೆ, ಅಷ್ಟೇ. 1980ರ ದಶಕದಲ್ಲಿ ಇದರ ಬೆನ್ನು ಹತ್ತಿದ ಚೀನೀ ಸಂಶೋಧಕ ಕಾಂಗ್ ಗೆವು ಹೇಳುವುದೇ ಬೇರೆ. ತಾವೋ ಸನ್ಯಾಸಿಗಳಲ್ಲಿ ಜಪ ಮಾಡುತ್ತಾ ಸುತ್ತು ನಡೆಯುವ ಸಾಧನೆ ಇತ್ತು. ಡಾಂಗ್ ಅದನ್ನು ತನಗೆ ಮೊದಲೇ ಬರುತ್ತಿದ್ದ ಹೊಡೆದಾಟದ ವಿದ್ಯೆಗೆ ಬೆಸೆದ. ನನಗೂ ಇದೇ ಸರಿ ಎನಿಸುತ್ತದೆ.

ಶೈಲಿಗಳು ಹುಟ್ಟಿದ್ದು ಅವನ ಶಿಷ್ಯರಿಂದ. ಡಾಂಗ್ ಹತ್ತಿರ ಬಂದವರಲ್ಲಿ ಹಲವರು ಆಗಲೇ ಬೇರೆ ವಿದ್ಯೆಯಲ್ಲಿ ಪಳಗಿದವರು. ಅವರು ಕಲಿತಿದ್ದನ್ನು ಅವನು ಬಿಡಿಸಲಿಲ್ಲ, ಅದರ ಮೇಲೇ ಕಟ್ಟಿದ. ಶಿಷ್ಯ ಯಿನ್ ಫು, ಶಾವೊಲಿನ್ ಮಠದ ಬಗೆಯ ಹೊಡೆತಗಳನ್ನು ಬಲ್ಲವನು. ಅವನ ಶಾಖೆಯಲ್ಲಿ ಬೆರಳುಗಳನ್ನು ಒಟ್ಟಿಗೆ ಸೇರಿಸಿ ಅಂಗೈಯನ್ನು ನೇರ ತೂರಿಸುತ್ತಾರೆ. ಏಟು ಚುರುಕು, ಒಂದರ ಹಿಂದೆ ಒಂದು. ಇನ್ನೊಬ್ಬ ಶಿಷ್ಯ ಚೆಂಗ್ ಟಿಂಗ್‌ಹುವಾ ಕುಸ್ತಿಪಟು. ಬೀಜಿಂಗ್‌ನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದರಿಂದ 'ಕನ್ನಡಕದ ಚೆಂಗ್' ಎಂದೇ ಹೆಸರಾದ. ಅವನ ಶಾಖೆಯಲ್ಲಿ ಬೆರಳು ಅಗಲಿಸಿದ ಅಂಗೈ, ಸುತ್ತಿಕೊಂಡು ತಿರುಗುವ ಮೈ. ತಿರುಗುತ್ತಾ ತಿರುಗುತ್ತಾ ಎದುರಾಳಿಯ ಕಾಲು ಕಿತ್ತು ಎತ್ತಿ ಹಾಕುತ್ತಾರೆ, ಕುಸ್ತಿಯ ವಾಸನೆ ಹೋಗೇ ಇಲ್ಲ. ವಿದೇಶಿಯರ ವಿರುದ್ಧ ಚೀನಾದಲ್ಲಿ ಎದ್ದ 1900ರ ಬಾಕ್ಸರ್ ದಂಗೆಯ ಗಲಾಟೆಯಲ್ಲಿ ವಿದೇಶಿ ಸೈನಿಕರ ಗುಂಡಿಗೆ ಅವನು ಬಲಿಯಾದ.

ಲಿಯಾಂಗ್, ಗಾವೊ ಮುಂತಾದ ಶಾಖೆಗಳೂ ಇವೆ. ಚೆಂಗ್‌ನ ಶಿಷ್ಯ ಸನ್ ಲುಟಾಂಗ್ ಶಿಂಗ್‌ಯಿ (ಇನ್ನೊಂದು 'ಒಳಗಿನ ಕಲೆ'), ಬಾಗ್ವಾ, ತೈಚಿ ಮೂರನ್ನೂ ಕಲಿತು, ಮೂರೂ ಒಂದೇ ಮನೆಯವು ಎಂದು ಪುಸ್ತಕಗಳಲ್ಲಿ ಬರೆದ. ಈಗ ನಾವು ಸಲೀಸಾಗಿ ಈ ಮೂರನ್ನೂ ಒಟ್ಟಿಗೆ ಹೆಸರಿಸುವುದರಲ್ಲಿ ಅವನ ಪಾಲು ದೊಡ್ಡದು. 'ಬಾಗ್ವಾ' ಎಂದರೆ ಚೀನಾದ ಹಳೆಯ ತತ್ವಶಾಸ್ತ್ರದಲ್ಲಿ ಬರುವ, ಮೂರು ಮೂರು ಗೆರೆಗಳ ಎಂಟು ರೇಖಾಚಿಹ್ನೆಗಳು. ಒಂದೊಂದು ಅಂಗೈ ಭಂಗಿಗೂ ಒಂದೊಂದು ಚಿಹ್ನೆ ಹಚ್ಚುವ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಶುರುವಿನಲ್ಲೇ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಾಗಾದರೆ ಶಾಖೆಗಳ ನಡುವೆ ಸಮಾನವಾದದ್ದು ಏನು? ನಡಿಗೆ, ಮತ್ತು ದಿಕ್ಕು ಬದಲಿಸುವ ಬಗೆ. ವೃತ್ತದ ಹೊರಬದಿಯ ಪಾದವನ್ನು ಒಳಕ್ಕೆ ಕೊಕ್ಕೆಯಂತೆ ತಿರುಗಿಸಿ ಇಡಬೇಕು, ಆಮೇಲೆ ಇನ್ನೊಂದು ಪಾದವನ್ನು ಹೊರಕ್ಕೆ ತೆರೆಯಬೇಕು. ಮೈ ತಾನಾಗಿ ಹಿಂದಿರುಗುತ್ತದೆ. ಗುರುವನ್ನು ಹುಡುಕುವಾಗ ಶಾಖೆಯ ಹೆಸರಿಗಿಂತ ಇದನ್ನು ಅವರು ಎಷ್ಟು ಬಿಡಿಸಿ ಕಲಿಸುತ್ತಾರೆ ನೋಡಿ. ತಿರುವು ಸೊಂಟದ ಕೀಲಿನಿಂದ ಬರಬೇಕು, ಮೊಣಕಾಲಿನಿಂದಲ್ಲ. ಮೊಣಕಾಲು ನೋಯಲು ಶುರುವಾದರೆ ವೃತ್ತ ದೊಡ್ಡದು ಮಾಡಿ, ಸ್ವಲ್ಪ ಎತ್ತರದಲ್ಲಿ ನಡೆಯಿರಿ. ನೆಲಕ್ಕೆ ಅಂಟಿದ ಹಾಗೆ ತಗ್ಗಿ ನಡೆಯುವುದು ವಿಡಿಯೋದಲ್ಲಿ ಚೆಂದ ಕಾಣುತ್ತದೆ ನಿಜ, ಮೊದಲ ವರ್ಷ ಅದರ ಅಗತ್ಯವಿಲ್ಲ.