ಸಮಾಂತರ ಜೋಡಣೆ: ಗೊತ್ತಿಲ್ಲದ ರೋಧ ಹಿಡಿಯೋದು ಹೇಗೆ?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹಳೆ ಪಿ.ಬಿ. ರಸ್ತೆಯೂ ಇದೆ, ಬೈಪಾಸೂ ಇದೆ. ದಾರಿ ಎರಡಾದರೂ ಹೊರಡುವ ಊರು, ಮುಟ್ಟುವ ಊರು ಅವೇ. ಸಮಾಂತರ ಜೋಡಣೆಯೂ ಹಾಗೇ. ಎರಡೂ ರೋಧಕಗಳ (ಕರೆಂಟಿನ ಹರಿವನ್ನು ತಡೆಯುವ ಬಿಡಿಭಾಗಗಳ) ತುದಿ ಅದೇ ಎರಡು ಕಡೆ ಕೂಡಿರುತ್ತವೆ. ಹಾಗಾಗಿ ಎರಡಕ್ಕೂ ವೋಲ್ಟೇಜ್ ಒಂದೇ. ಕರೆಂಟ್ ಮಾತ್ರ ಹಂಚಿಕೊಂಡು ಹರಿಯುತ್ತದೆ. ದಾರಿ ಹೆಚ್ಚಾದಷ್ಟೂ ಓಡಾಟ ಸಲೀಸು, ಅಲ್ವಾ? ಅದಕ್ಕೇ ಇಲ್ಲಿ ಒಟ್ಟು ರೋಧ, ಇರುವುದರಲ್ಲೇ ಸಣ್ಣ ರೋಧಕ್ಕಿಂತಲೂ ಕಡಿಮೆ.

ಗದಗಿನಲ್ಲಿ ರೇಡಿಯೊ ರಿಪೇರಿ ಕಲಿಯುವಾಗ ಇದರಲ್ಲೇ ಮೋಸ ಹೋಗಿದ್ದೆ. ಬೋರ್ಡಿನ ಮೇಲೆ ಒಂದು ರೋಧಕಕ್ಕೆ ಮಸಿ ಹಿಡಿದು, ರೋಧದ ಅಳತೆ ಹೇಳುವ ಬಣ್ಣದ ಪಟ್ಟಿ ಕಾಣುತ್ತಿರಲಿಲ್ಲ. ಮೀಟರ್ ಹಚ್ಚಿದೆ, 6 ಕಿಲೋ ಓಮ್ ಅಂತು. ಅದನ್ನೇ ಬರೆದುಕೊಂಡೆ. ಉಸ್ತಾದರು ನಕ್ಕು, "ಒಂದು ಕಾಲು ಎತ್ತಿ ನೋಡೋ ತಮ್ಮಾ" ಅಂದರು. ಬೆಸುಗೆ ಬಿಡಿಸಿ ಒಂದು ತುದಿ ಮೇಲೆತ್ತಿದರೆ 15! ಪಕ್ಕದಲ್ಲೇ ಸಮಾಂತರವಾಗಿ 10 ಕಿಲೋ ಓಮಿನದು ಕೂತಿತ್ತು. ಮೀಟರ್ ಎರಡನ್ನೂ ಸೇರಿಸಿ ಹೇಳಿತ್ತು.

ಪರೀಕ್ಷೆಯ ಹಾಳೆಯ ಮೇಲೆ ಕಾಲು ಎತ್ತೋಕೆ ಬರಲ್ಲ, ಲೆಕ್ಕವನ್ನೇ ಮಾಡಬೇಕು. ಪುಸ್ತಕದ ಸೂತ್ರ ಇದು: 1/ಒಟ್ಟು = 1/ಮೊದಲನೆಯದು + 1/ಎರಡನೆಯದು. ಭಿನ್ನರಾಶಿ ಕಂಡರೆ ಮಕ್ಕಳಿಗೆ ಸುಮ್ನೆ ಗಾಬರಿ. ನನಗೆ ಕರೆಂಟಿನ ಲೆಕ್ಕವೇ ಇಷ್ಟ. 30 ವೋಲ್ಟ್ ಕೊಟ್ಟೆ ಅಂದುಕೊಳ್ಳಿ. ಒಟ್ಟು 6 ಕಿಲೋ ಓಮ್, ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಹರಿಯೋದು 5 ಮಿಲಿ ಆಂಪಿಯರ್. 10 ಕಿಲೋ ಓಮಿನ ದಾರಿಯಲ್ಲಿ ಹೋಗೋದು 3. ಉಳಿದ 2 ಇನ್ನೊಂದರದು. 30 ವೋಲ್ಟನ್ನು ಆ 2 ಮಿಲಿ ಆಂಪಿಯರಿನಿಂದ ಭಾಗಿಸಿದರೆ ಬರೋದು 15 ಕಿಲೋ ಓಮ್. ಅವಸರದಲ್ಲಿದ್ದರೆ ಗೊತ್ತಿರುವ ಎರಡನ್ನು ಗುಣಿಸಿ, ಅವುಗಳ ವ್ಯತ್ಯಾಸದಿಂದ ಭಾಗಿಸಿ: 60ನ್ನು 4ರಿಂದ.

ಉತ್ತರ ಒಟ್ಟು ರೋಧಕ್ಕಿಂತ ಕಡಿಮೆ ಬಂದರೆ ಲೆಕ್ಕ ಎಲ್ಲೋ ತಪ್ಪಿದೆ. ಎರಡೂ ಗೊತ್ತಿಲ್ಲದಿದ್ದರೆ ಒಟ್ಟು ರೋಧ ಒಂದೇ ಸಾಲದು, ಯಾವುದಾದರೂ ಒಂದು ದಾರಿಯ ಕರೆಂಟಾದರೂ ಬೇಕು, ಅದರ ಜೊತೆ ವೋಲ್ಟೇಜೂ ಬೇಕು.

ಅವತ್ತು ಕಾಲು ಎತ್ತುವ ಮೊದಲು ಮೀಟರ್ 6ರ ಬದಲು 10 ಅಂತ ತೋರಿಸಿದ್ದರೆ? 30 ವೋಲ್ಟಿಗೆ ಒಟ್ಟು 3 ಮಿಲಿ ಆಂಪಿಯರ್, ಪಕ್ಕದ್ದೇ ಆ 3ನ್ನೂ ತಗೊಂಡಾಯ್ತು. ಮಸಿ ಹಿಡಿದದ್ದರಲ್ಲಿ ಕರೆಂಟೇ ಇಲ್ಲ. ಅಂದರೆ ಅದು ಒಳಗೆ ಸುಟ್ಟು ಕಡಿದುಹೋಗಿದೆ.