ಹೊಗೆಗೆ ಶುಲ್ಕ ಕಟ್ಟಿ, ದುಡ್ಡು ವಾಪಸ್ ತಗೊಳ್ಳಿ

ಬಾಯ್ಲರ್ ನಡೆಸುವವರ ಹತ್ತಿರ ಹೊಗೆಯ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ, ‘ಹೊಸ ಮಷೀನಿಗೆ ಎಷ್ಟಾಗುತ್ತೆ ಸಾರ್?’ ಬಾಯ್ಲರ್ ಕೆಲಸದಲ್ಲೇ ಇರುವ ನಾನು ಆಗೆಲ್ಲ ಸ್ವೀಡನ್ ವಿಷಯ ತೆಗೆಯುತ್ತೇನೆ.

ಅಲ್ಲಿ ಆಮ್ಲ ಮಳೆಗೆ, ಅಂದರೆ ಹೊಗೆಯ ಗಂಧಕ, ನೈಟ್ರೋಜನ್ ಅನಿಲಗಳು ಸೇರಿ ಹುಳಿಯಾದ ಮಳೆಗೆ, ಕೆರೆಗಳ ಮೀನು ಸಾಯುತ್ತಿದ್ದವು. ಬೇರೆ ದೇಶಗಳಿಂದ ತೇಲಿ ಬರುವ ಹೊಗೆಗೂ ಇದಕ್ಕೂ ನಂಟಿದೆ ಎಂದು ವಿಜ್ಞಾನಿ ಸ್ವಾಂಟೆ ಓಡೆನ್ 1967ರಲ್ಲೇ ಪತ್ರಿಕೆಗೆ ಬರೆದಿದ್ದರು. ಪಕ್ಕದವರ ಹೊಗೆ ಇರಲಿ, ಸ್ವಂತ ಚಿಮಣಿ? 1991ರಲ್ಲಿ ಇಂಧನದ ಗಂಧಕಕ್ಕೆ ತೆರಿಗೆ ಬಂತು. 1992ರಲ್ಲಿ ದೊಡ್ಡ ಬಾಯ್ಲರ್‌ಗಳು ಬಿಡುವ ನೈಟ್ರೋಜನ್ ಆಕ್ಸೈಡ್‌ಗೆ, ನಮ್ಮ ಭಾಷೆಯಲ್ಲಿ ನಾಕ್ಸ್‌ಗೆ, ಕಿಲೋಗೆ 40 ಕ್ರೋನಾ (ಸ್ವೀಡನ್ನಿನ ಹಣ) ಶುಲ್ಕ ಬಂತು.

ಮಜಾ ಇರುವುದು ಇಲ್ಲಿ. ಈ ದುಡ್ಡು ಖಜಾನೆಗೆ ಹೋಗುವುದಿಲ್ಲ. ವಸೂಲಿ ಖರ್ಚು ಕಳೆದು, ಯಾರು ಎಷ್ಟು ಶಾಖ, ವಿದ್ಯುತ್ ತಯಾರಿಸಿದರೋ ಆ ಲೆಕ್ಕದಲ್ಲಿ ಅವರಿಗೇ ಹಂಚುತ್ತಾರೆ. ಒಂದೇ ಸಮ ಶಕ್ತಿ ಕೊಡುವ ಎರಡೇ ಬಾಯ್ಲರ್ ಇವೆ ಅಂದುಕೊಳ್ಳಿ. ಒಂದು 30 ಟನ್ ನಾಕ್ಸ್ ಬಿಟ್ಟು 12 ಲಕ್ಷ ಕ್ರೋನಾ ಕಟ್ಟಿತು, ಇನ್ನೊಂದು 70 ಟನ್ ಬಿಟ್ಟು 28 ಲಕ್ಷ. ಇಬ್ಬರಿಗೂ 20 ಲಕ್ಷ ವಾಪಸ್. ಮೊದಲನೆಯವನಿಗೆ 8 ಲಕ್ಷ ಲಾಭ, ಅದೂ ಎರಡನೆಯವನ ಜೇಬಿಂದ! ಉದ್ಯಮದವರು ಶುಲ್ಕದ ವಿರುದ್ಧ ಜಾಸ್ತಿ ಕೂಗಾಡದಿದ್ದುದಕ್ಕೆ ಇದೂ ಒಂದು ಕಾರಣ.

ಆದರೆ ನನ್ನ ಪ್ರಕಾರ ಅರ್ಧ ಕೆಲಸ ಮಾಡಿದ್ದು ನಾಕ್ಸ್ ಅಳೆಯುವ ಮೀಟರ್. ಚಿಮಣಿಯಲ್ಲಿ ಸತತ ಅಳತೆ ಇಲ್ಲದಿದ್ದರೆ ನಿಯಮದಲ್ಲೇ ಜಾಸ್ತಿ ಇಟ್ಟಿರುವ ಅಂದಾಜಿನ ಮೇಲೆ ಶುಲ್ಕ ಬೀಳುತ್ತದೆ, ಹಾಗಾಗಿ ಬಹುತೇಕ ಎಲ್ಲರೂ ಮೀಟರ್ ಹಾಕಿಸಿದರು. ಉರಿ ತೀರಾ ಬಿಸಿಯಾದರೆ ಗಾಳಿಯ ನೈಟ್ರೋಜನ್ನೇ ನಾಕ್ಸ್ ಆಗುತ್ತದೆ, ಇಂಧನದಲ್ಲಿರುವುದೂ ಅದಕ್ಕೆ ಸೇರುತ್ತದೆ. ಉರಿಗೆ ಕೊಡುವ ಗಾಳಿ ತಗ್ಗಿಸಿದರೆ ನಾಕ್ಸ್ ಇಳಿಯುತ್ತದೆ ನಿಜ, ತೀರಾ ತಗ್ಗಿಸಿದರೆ ಉರಿ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಸರಿಯಾದ ಹದ ಒಂದೊಂದು ಬಾಯ್ಲರ್‌ಗೂ ಬೇರೆ. ಅದು ಪುಸ್ತಕದಲ್ಲಿ ಸಿಗಲ್ಲ, ಶಿಫ್ಟ್‌ನಲ್ಲಿರುವ ಆಪರೇಟರ್ ಮುಂದೆ ಅಂಕಿ ಕಾಣಿಸುತ್ತಿದ್ದರೆ ಮಾತ್ರ ಸಿಗುತ್ತದೆ. ಎಷ್ಟೋ ಕಡೆ ದೊಡ್ಡ ಖರ್ಚಿಲ್ಲದೆ, ಸುಮ್ನೆ ಗಾಳಿ ಹೊಂದಿಸಿಯೇ ನಾಕ್ಸ್ ಇಳಿಯಿತು. ಅದು ಸಾಲದ ಕಡೆ, ನಾಕ್ಸ್ ಮತ್ತೆ ಬರೀ ನೈಟ್ರೋಜನ್ ಆಗಲೆಂದು ಬಿಸಿ ಹೊಗೆಗೆ ಅಮೋನಿಯಾ ಅಥವಾ ಯೂರಿಯಾ ಸಿಂಪಡಿಸಿದರು.

ಮೀಟರ್ ಅಗ್ಗವಲ್ಲ. ಅದಕ್ಕೇ ಮೊದಲು ವರ್ಷಕ್ಕೆ 50 ಗಿಗಾವ್ಯಾಟ್ ಗಂಟೆ (5 ಕೋಟಿ ಯೂನಿಟ್) ಮೀರಿ ಶಕ್ತಿ ತಯಾರಿಸುವವರಿಗಷ್ಟೇ ಶುಲ್ಕವಿತ್ತು, 1997ಕ್ಕೆ ಆ ಮಿತಿ 25ಕ್ಕೆ ಇಳಿಯಿತು. ಕೊರತೆಯೂ ಇದೆ. ಶಕ್ತಿ ಹೆಚ್ಚು ತಯಾರಿಸಿದಷ್ಟೂ ವಾಪಸ್ ಜಾಸ್ತಿ, ಉಳಿಸಿದವನಿಗೆ ಏನೂ ಇಲ್ಲ. ಹಾಗಾಗಿ ಒಂದು ಯೂನಿಟ್ ಶಕ್ತಿಯ ಲೆಕ್ಕದಲ್ಲಿ ನಾಕ್ಸ್ ಚೆನ್ನಾಗಿ ಇಳಿದರೂ ಒಟ್ಟು ನಾಕ್ಸ್ ಅಷ್ಟು ಇಳಿಯಲಿಲ್ಲ. 2008ರಲ್ಲಿ ಶುಲ್ಕವನ್ನು 50 ಕ್ರೋನಾಕ್ಕೆ ಏರಿಸಿದರು, ಹಂಚುವ ಲೆಕ್ಕ ಮಾತ್ರ ಹಾಗೇ ಉಳಿಯಿತು.