ಅಡ್ಜಸ್ಟೆಡ್ ಬೆಲೆ: ಆ ದಿನ ಯಾರೂ ಕೊಟ್ಟಿರದ ಬೆಲೆ

“ಇನ್ಫೋಸಿಸ್ ಷೇರು 1993ರಲ್ಲಿ ಬರೀ 9 ಪೈಸೆ ಇತ್ತು. ಆಗ ಸಾವಿರ ರೂಪಾಯಿ ಹಾಕಿದ್ದರೆ ಇವತ್ತು ಕೋಟ್ಯಧಿಪತಿ.” ಶಿವಮೊಗ್ಗದ ವಾಟ್ಸ್‌ಆಪ್ ಗುಂಪುಗಳಲ್ಲಿ ಈ ಮಾತು ತಿರುಗುತ್ತಲೇ ಇರುತ್ತದೆ. ಈ ವಾರ ಮತ್ತೆ ಬಂತು. ಕೆಳಗೆ “ಹೌದಾ? ನಮಗೆ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ” ಎಂಬ ಉತ್ತರಗಳ ಸಾಲು.

ಯಾರೂ ಹೇಳದಿದ್ದುದಕ್ಕೆ ಕಾರಣ ಇದೆ. ಆ ಬೆಲೆ ಇರಲೇ ಇಲ್ಲ. 1993ರ ಐಪಿಒನಲ್ಲಿ, ಅಂದರೆ ಕಂಪನಿ ಮೊದಲ ಸಲ ಜನರಿಗೆ ಷೇರು ಮಾರಿದಾಗ, ಇನ್ಫೋಸಿಸ್ ಷೇರಿನ ಬೆಲೆ 95 ರೂಪಾಯಿ. ಮಾರುಕಟ್ಟೆಯಲ್ಲಿ ವಹಿವಾಟು ಶುರುವಾದದ್ದು 145 ರೂಪಾಯಿಗೆ. 9 ಪೈಸೆಗೆ ಆ ಷೇರನ್ನು ಯಾರೂ ಮಾರಿಲ್ಲ, ಯಾರೂ ಕೊಂಡಿಲ್ಲ. ಆದರೂ 9 ಪೈಸೆ ಎಂಬ ಲೆಕ್ಕ ತಪ್ಪಲ್ಲ. ಅದು ಅಡ್ಜಸ್ಟೆಡ್ ಬೆಲೆ, ಅಂದರೆ ಇಂದಿನ ಷೇರಿನ ಅಳತೆಗೆ ಹೊಂದಿಸಿದ ಹಳೆ ಬೆಲೆ. ಅದನ್ನು ಅಂದಿನ ಬೆಲೆ ಎಂದು ಓದಿದ್ದು ತಪ್ಪು.

ಹಳೆ ಬೆಲೆ ನೋಡುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಅಡಿಕೆಯಲ್ಲಿ ರಾಶಿ ಎಷ್ಟಿತ್ತು, ಬೆಟ್ಟೆ ಎಷ್ಟಕ್ಕೆ ಹೋಯಿತು, ಸರಕಿಗೆ ಯಾವ ವರ್ಷ ಒಳ್ಳೆ ಧಾರಣೆ ಬಂತು ಎಂದು ಬಾಯಲ್ಲೇ ಹೇಳುವವರಿದ್ದಾರೆ. ತೊಡಕು ಹುಟ್ಟುವುದೂ ಅಲ್ಲೇ. ಅಡಿಕೆ ಧಾರಣೆ ಕ್ವಿಂಟಾಲಿಗೆ. ಕ್ವಿಂಟಾಲ್ ಅಂದರೆ ಅಂದೂ ನೂರು ಕೆಜಿ, ಇಂದೂ ನೂರು ಕೆಜಿ. ಹಾಗಾಗಿ ಇಪ್ಪತ್ತು ವರ್ಷದ ಹಿಂದಿನ ಧಾರಣೆಯನ್ನು ಇವತ್ತಿನ ಧಾರಣೆಯ ಪಕ್ಕ ಹಾಗೇ ಇಡಬಹುದು. ಷೇರಿಗೆ ಅಂಥ ಗಟ್ಟಿ ಅಳತೆ ಇಲ್ಲ. ಕಂಪನಿ ಬೋನಸ್ (ಇರುವ ಷೇರಿನ ಮೇಲೆ ಪುಕ್ಕಟೆ ಹೊಸ ಷೇರು) ಕೊಟ್ಟಾಗ ಅಥವಾ ಷೇರನ್ನು ಸೀಳಿದಾಗ (ಸ್ಪ್ಲಿಟ್) ‘ಒಂದು ಷೇರು’ ಎಂಬ ಅಳತೆಯೇ ಚಿಕ್ಕದಾಗುತ್ತದೆ.

ಇನ್ಫೋಸಿಸ್‌ನದ್ದೇ ತೆಗೆದುಕೊಳ್ಳಿ. 1994, 1997, 1999ರಲ್ಲಿ ಒಂದಕ್ಕೊಂದು ಬೋನಸ್. 2000ದಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 5 ರೂಪಾಯಿಯ ಎರಡಾಗಿ ಸೀಳಿದರು. 2004ರಲ್ಲಿ ಒಂದಕ್ಕೆ ಮೂರು ಬೋನಸ್. ಆಮೇಲೆ 2006, 2014, 2015, 2018ರಲ್ಲಿ ಮತ್ತೆ ಒಂದಕ್ಕೊಂದು. ಐಪಿಒನಲ್ಲಿ 9,500 ರೂಪಾಯಿ ಕೊಟ್ಟು 100 ಷೇರು ತೆಗೆದುಕೊಂಡು ಮುಟ್ಟದೆ ಇಟ್ಟವರ ಕೈಯಲ್ಲಿ ಈಗ 1,02,400 ಷೇರು. ಅಂದರೆ ಅಂದಿನ ಒಂದು ಷೇರು ಇಂದಿನ 1,024 ಷೇರು. 95 ರೂಪಾಯಿಯನ್ನು 1,024ರಿಂದ ಭಾಗಿಸಿ. 9 ಪೈಸೆ ಚಿಲ್ಲರೆ ಬರುತ್ತದೆ. ಗುಂಪಿನಲ್ಲಿ ಓಡಾಡುತ್ತಿರುವ ಅಂಕಿ ಇದೇ. ಇಂದಿನ ಒಂದು ಷೇರಿನಷ್ಟು ಪಾಲಿಗೆ ಅಂದು 9 ಪೈಸೆ ಆಗುತ್ತಿತ್ತು ಎಂದಷ್ಟೇ ಅದರ ಅರ್ಥ. ಮೊತ್ತಕ್ಕೆ ಸಂಬಂಧಪಟ್ಟ ಲಾಭವೆಲ್ಲ ನಿಜ. ಆದರೆ ಅಂದು ಆ ಷೇರು ಪುಡಿಗಾಸಿಗೆ ಸಿಗುತ್ತಿತ್ತು, ಅಪ್ಪಂದಿರಿಗೆ ಬುದ್ಧಿ ಇರಲಿಲ್ಲ ಎಂಬ ಮಾತು ನಿಜವಲ್ಲ. 1993ರಲ್ಲಿ 9,500 ರೂಪಾಯಿ ಹೊಂದಿಸುವುದು ಸಣ್ಣ ತೋಟದವರಿಗೆ ಸುಲಭದ ಮಾತಾಗಿರಲಿಲ್ಲ.

ಇನ್ನೊಂದು ತುದಿಯಿಂದಲೂ ನೋಡಬಹುದು. 2000ದ ಐಟಿ ಭರಾಟೆಯಲ್ಲಿ ಇನ್ಫೋಸಿಸ್ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಅದಾದ ಮೇಲಿನ ಬೋನಸ್‌ಗಳಿಂದ ಆಗಿನ ಒಂದು ಷೇರು 64 ಆಗಿದೆ. ಹಾಗಾಗಿ ಅಂದಿನ 10,000 ರೂಪಾಯಿ ಇಂದಿನ ಚಾರ್ಟಿನಲ್ಲಿ ಸುಮಾರು 156. ಹಳೆ ಪತ್ರಿಕೆಯ ಪುಟದಲ್ಲಿ ಒಂದು ಅಂಕಿ, ಆಪ್‌ನಲ್ಲಿ ಇನ್ನೊಂದು. ಎರಡೂ ಸರಿ.

ಬೋನಸ್, ಸ್ಪ್ಲಿಟ್ ಆದ ಬೆಳಗ್ಗೆ ಗಾಬರಿ ಹಬ್ಬಿಸುವವರಿಗೂ ಒಂದು ಮಾತು. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕ್ 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಯ ಐದಾಗಿ ಸೀಳಿತು. ಐನೂರು ಚಿಲ್ಲರೆ ಇದ್ದ ಬೆಲೆ ನೂರು ಚಿಲ್ಲರೆಗೆ ಬಂತು. ಇದನ್ನು ‘ಶೇ 80 ಕುಸಿತ’ ಎನ್ನುವುದು ಶುದ್ಧ ತಪ್ಪು. ಕುಸಿದದ್ದು ಏನೂ ಇಲ್ಲ. ಹತ್ತು ಷೇರು ಇದ್ದವರಿಗೆ ಐವತ್ತು ಬಂದಿವೆ, ಅಷ್ಟೇ. ಹಿಂದಿನ ಬೆಲೆಗಳನ್ನೆಲ್ಲ ಐದರಿಂದ ಭಾಗಿಸಿ ಚಾರ್ಟನ್ನು ನೇರ ಮಾಡುವುದಕ್ಕೇ ಅಡ್ಜಸ್ಟ್‌ಮೆಂಟ್ ಎನ್ನುವುದು.

ಇಲ್ಲಿವರೆಗೆ ಸುಲಭ. ಡಿವಿಡೆಂಡ್, ಅಂದರೆ ಕಂಪನಿ ಷೇರುದಾರರಿಗೆ ಹಂಚುವ ಲಾಭದ ದುಡ್ಡು, ಬಂದಾಗ ಇನ್ನೊಂದು ಪದರ ಸೇರುತ್ತದೆ. ಯಾಹೂ ಫೈನಾನ್ಸ್‌ನಂಥ ಜಾಲತಾಣಗಳಲ್ಲಿ ‘ಕ್ಲೋಸ್’ (ದಿನದ ಕೊನೆಯ ಬೆಲೆ) ಒಂದು ಕಂಬಸಾಲು, ‘ಅಡ್ಜಸ್ಟೆಡ್ ಕ್ಲೋಸ್’ ಇನ್ನೊಂದು. ಮೊದಲನೆಯದೇ ಸ್ಪ್ಲಿಟ್‌ಗೆ ಹೊಂದಿಸಿದ್ದು. ಎರಡನೆಯದು ಡಿವಿಡೆಂಡ್‌ಗೂ ಹೊಂದಿಸಿದ್ದು. ‘ಕ್ಲೋಸ್’ ಎಂದು ಬರೆದಿದೆ ಎಂದಮಾತ್ರಕ್ಕೆ ಅದು ಅಂದು ನಿಜವಾಗಿ ನಡೆದ ಬೆಲೆ ಎಂದು ತಿಳಿಯಬೇಡಿ.

ಡಿವಿಡೆಂಡ್ ಲೆಕ್ಕ ಹೀಗೆ. ಷೇರು 200 ರೂಪಾಯಿಗೆ ಮುಗಿದಿದೆ, ಮರುದಿನ 10 ರೂಪಾಯಿ ಡಿವಿಡೆಂಡ್‌ನ ಎಕ್ಸ್ ಡೇಟ್, ಅಂದರೆ ಆ ದಿನದಿಂದ ಕೊಂಡವರಿಗೆ ಆ ಡಿವಿಡೆಂಡ್ ಇಲ್ಲ. 10 ಅಂದರೆ 200ರಲ್ಲಿ ಶೇ 5. ಆಗ ಅದಕ್ಕೂ ಹಿಂದಿನ ಎಲ್ಲ ಬೆಲೆಗಳನ್ನು 0.95ರಿಂದ ಗುಣಿಸುತ್ತಾರೆ. ನಿನ್ನೆಯದು, ಹತ್ತು ವರ್ಷದ ಹಿಂದಿನದು, ಎಲ್ಲವೂ. ಮುಂದಿನ ಡಿವಿಡೆಂಡ್ ಬಂದಾಗ ಮತ್ತೊಮ್ಮೆ. ಹೋದ ವರ್ಷ ಇಳಿಸಿಟ್ಟ ಫೈಲಿಗೂ ಈ ವರ್ಷದ ಫೈಲಿಗೂ ಅದೇ ತಾರೀಕಿನ ಬೆಲೆ ಹೊಂದದೇ ಇರುವುದು ಇದರಿಂದಲೇ. “ಡೇಟಾ ತಿದ್ದಿದ್ದಾರೆ” ಎಂದು ಅನುಮಾನ ಪಡುವವರು ಮೊದಲು ನಡುವೆ ಡಿವಿಡೆಂಡ್ ಬಂತಾ ನೋಡಲಿ.

ಕಂಪನಿ ಹೋಳಾದಾಗ ಇನ್ನೂ ಜಾಸ್ತಿ ಗೊಂದಲ. 2023ರ ಜುಲೈ 20ರಂದು ರಿಲಯನ್ಸ್‌ನಿಂದ ಜಿಯೊ ಫೈನಾನ್ಷಿಯಲ್ ಬೇರೆಯಾಯಿತು. ಅಂದು ಬೆಳಗ್ಗೆ ವಿಶೇಷ ವಹಿವಾಟಿನಲ್ಲಿ ಆ ತುಂಡಿಗೆ ಗೊತ್ತಾದ ಬೆಲೆ 261.85 ರೂಪಾಯಿ. ಆ ತುಂಡಿನ ಪಾಲನ್ನು ರಿಲಯನ್ಸ್‌ನ ಹಿಂದಿನ ಬೆಲೆಗಳಿಂದ ಕೆಲವು ಚಾರ್ಟುಗಳು ತೆಗೆಯುತ್ತವೆ, ಕೆಲವು ತೆಗೆಯುವುದಿಲ್ಲ. ಎರಡು ಆಪ್‌ಗಳಲ್ಲಿ ಒಂದೇ ಷೇರಿನ ಹಳೆ ಬೆಲೆ ಬೇರೆ ಬೇರೆ ಕಂಡರೆ ಇಂಥದ್ದೇ ಏನೋ ಇರುತ್ತದೆ.

ಚಾರ್ಟಿನ ಮೇಲೆ ಗೆರೆ ಎಳೆಯುವವರ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. “2018ರಲ್ಲಿ 600ರ ಹತ್ತಿರ ಜನ ಮುಗಿಬಿದ್ದು ಕೊಂಡಿದ್ದರು, ದುಂಡನೆ ಅಂಕಿ, ಅಲ್ಲಿ ಸಪೋರ್ಟ್ (ಬೆಲೆ ಅದಕ್ಕಿಂತ ಕೆಳಗಿಳಿಯದೆ ನಿಲ್ಲುವ ಮಟ್ಟ) ಇದೆ” ಎಂದು ಆಮೇಲೆ ಒಂದಕ್ಕೊಂದು ಬೋನಸ್ ಕೊಟ್ಟ ಷೇರಿನ ಬಗ್ಗೆ ಹೇಳುವುದನ್ನು ಕೇಳಿದಾಗ ತಾಳ್ಮೆ ಕೆಡುತ್ತದೆ. ಅಂದು ಜನರ ಕಣ್ಣಿಗೆ ಬಿದ್ದದ್ದು 1,200. ದುಂಡನೆ ಅಂಕಿಯ ಸೆಳೆತ ಎಂಬುದು ಇದ್ದರೆ ಅದು ಅಂದು ಕಂಡ ಬೆಲೆಗೆ ಇರಬೇಕು, ಆಮೇಲೆ ಭಾಗಿಸಿ ಬಂದ ಬೆಲೆಗಲ್ಲ.

ಜೇಬಿಗೆ ನೇರ ಪೆಟ್ಟು ಬೀಳುವುದು ಮಾತ್ರ ತೆರಿಗೆಯಲ್ಲಿ. ಇದನ್ನು ನಿಧಾನವಾಗಿ ಓದಿ.

2018ರ ಜನವರಿ 31ರ ತನಕ ಕೊಂಡ ಷೇರುಗಳಿಗೆ ಒಂದು ರಿಯಾಯಿತಿ ಇದೆ. ಅಂದು ಎಕ್ಸ್‌ಚೇಂಜಿನಲ್ಲಿ ನಡೆದ ಗರಿಷ್ಠ ಬೆಲೆಯನ್ನು, ಅದು ಮಾರಿದ ಬೆಲೆಗಿಂತ ಕಡಿಮೆ ಇದ್ದರೆ, ಕೊಂಡ ಬೆಲೆಯ ಜಾಗದಲ್ಲಿ ಹಾಕಬಹುದು. ಅದಕ್ಕಿಂತ ಹಿಂದಿನ ಲಾಭಕ್ಕೆ ತೆರಿಗೆ ಇಲ್ಲ. ತೀರ್ಥಹಳ್ಳಿ ಕಡೆಯ ಪರಿಚಯದ ಹಿರಿಯರೊಬ್ಬರು ಇನ್ಫೋಸಿಸ್ ಮಾರಿ, ಆ ದಿನದ ಬೆಲೆಯನ್ನು ಮೊಬೈಲ್ ಚಾರ್ಟಿನಿಂದ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಐನೂರು ಚಿಲ್ಲರೆ ಎಂದಿತ್ತು. ನಿಜವಾಗಿ ಅಂದು ಬೆಲೆ ಸಾವಿರದ ನೂರರ ಮೇಲಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೋನಸ್ ಬಂದದ್ದರಿಂದ ಚಾರ್ಟು ಅದನ್ನು ಅರ್ಧ ಮಾಡಿ ತೋರಿಸುತ್ತಿತ್ತು.

ಚಾರ್ಟಿಗೆ ಅರ್ಧ ಸರಿ. ತೆರಿಗೆಗೆ ಅಲ್ಲ. ಜನವರಿಯಲ್ಲಿ 200 ಷೇರು ಇದ್ದವು, ಬೋನಸ್ ಸೇರಿ 400 ಆದವು ಎಂದಿಟ್ಟುಕೊಳ್ಳಿ. ಹಳೆಯ 200ಕ್ಕೆ ಜನವರಿ 31ರ ಪೂರ್ತಿ ಬೆಲೆ ಸಿಗುತ್ತದೆ. ಆಮೇಲೆ ಬಂದ ಬೋನಸ್‌ನ 200ಕ್ಕೆ ಕೊಂಡ ಬೆಲೆ ಸೊನ್ನೆ. ಡಿಮ್ಯಾಟ್‌ನಲ್ಲಿ (ಷೇರು ಇಡುವ ಖಾತೆಯಲ್ಲಿ) ಮೊದಲು ಬಂದದ್ದು ಮೊದಲು ಹೋಗುತ್ತದೆ, ಹಾಗಾಗಿ ಮೊದಲು ಮಾರಾಟವಾಗುವುದು ಹಳೆಯವೇ. 200 ಷೇರನ್ನು 1,500ಕ್ಕೆ ಮಾರಿದರು, ಲೆಕ್ಕ ಸುಲಭವಾಗಲಿ ಎಂದು ಹಳೆ ಬೆಲೆ 1,100 ಎಂದೇ ಹಿಡಿಯೋಣ. ಲಾಭ 80,000. ವರ್ಷಕ್ಕೆ 1.25 ಲಕ್ಷದವರೆಗಿನ ಇಂಥ ಲಾಭಕ್ಕೆ ತೆರಿಗೆ ಇಲ್ಲ, ಬೇರೆ ಏನೂ ಮಾರಿಲ್ಲದಿದ್ದರೆ ಕಟ್ಟುವುದು ಸೊನ್ನೆ. ಅದೇ 550 ಎಂದು ಬರೆದರೆ ಲಾಭ 1,90,000. ವಿನಾಯಿತಿ ಕಳೆದು 65,000ಕ್ಕೆ ಶೇ 12.5, ಅಂದರೆ 8,125 ರೂಪಾಯಿ, ಮೇಲೆ ಸೆಸ್. ಸುಮ್ನೆ ಕೈಬಿಟ್ಟ ದುಡ್ಡು.

ಮುಂದೆ ಬೋನಸ್ ಷೇರು ಮಾರುವಾಗ ಉಲ್ಟಾ ತೊಂದರೆ. ಅವಕ್ಕೂ 550 ಎಂದು ಹಾಕಿದರೆ ತೆರಿಗೆ ಕಡಿಮೆ ಕಟ್ಟಿದಂತಾಗುತ್ತದೆ, ನೋಟಿಸ್ ಬಂದರೂ ಬರಬಹುದು. 2014, 2015ರ ಬೋನಸ್ ಷೇರುಗಳಿಗೆ ಈ ತೊಡಕಿಲ್ಲ. ಅವು ಜನವರಿ 31ಕ್ಕೆ ಮೊದಲೇ ಕೈಯಲ್ಲಿದ್ದವು, ಅವಕ್ಕೂ ಅಂದಿನ ಪೂರ್ತಿ ಬೆಲೆ. ಸ್ಪ್ಲಿಟ್ ಆದ ಷೇರಿನದ್ದು ಮತ್ತೆ ಬೇರೆ. ಕೆನರಾ ಬ್ಯಾಂಕಿನ ಹಳೆ ಷೇರು ಈಗ ಮಾರಿದರೆ 2018ರ ಬೆಲೆಯನ್ನು ಐದರಿಂದ ಭಾಗಿಸಲೇಬೇಕು. ಚಾರ್ಟಿನಲ್ಲಿ ಬೋನಸ್ ಮತ್ತು ಸ್ಪ್ಲಿಟ್ ಒಂದೇ ಥರ ಕಾಣುತ್ತವೆ, ತೆರಿಗೆಯಲ್ಲಿ ಎರಡಕ್ಕೂ ಬೇರೆ ಬೇರೆ ದಾರಿ.

ಹೊಂದಿಸದ ಬೆಲೆ ಬೇಕಾದರೆ ಎಕ್ಸ್‌ಚೇಂಜಿನ ಭಾವ್‌ಕಾಪಿ ತೆರೆಯಿರಿ. ಅದು ಆ ದಿನ ಸಂಜೆ ಹೊರಬಿದ್ದ ಪಟ್ಟಿ, ಆಮೇಲೆ ಅದರ ಅಂಕಿಗಳನ್ನು ಯಾರೂ ಬೋನಸ್‌ಗೆ, ಸ್ಪ್ಲಿಟ್‌ಗೆ ಹೊಂದಿಸುವುದಿಲ್ಲ. ಅಂದು ಕಂಪನಿಯ ಒಟ್ಟು ಮೌಲ್ಯ ಎಷ್ಟಿತ್ತು ಎಂದು ಲೆಕ್ಕ ಹಾಕುವುದಕ್ಕೂ ಅದೇ ಬೆಲೆ, ಅಂದಿನ ಷೇರು ಸಂಖ್ಯೆಯ ಜೊತೆ. ಹತ್ತು ವರ್ಷದಲ್ಲಿ ದುಡ್ಡು ಎಷ್ಟು ಬೆಳೆಯಿತು, ಎಫ್‌ಡಿಗಿಂತ ಮೇಲಾಯಿತಾ ಎಂದು ನೋಡಬೇಕಾದರೆ ಮಾತ್ರ ಡಿವಿಡೆಂಡ್‌ವರೆಗೆ ಹೊಂದಿಸಿದ ಅಡ್ಜಸ್ಟೆಡ್ ಕ್ಲೋಸ್. ಆ ಹಿರಿಯರು ಚೀಟಿಯಲ್ಲಿ ಐನೂರು ಚಿಲ್ಲರೆಯ ಅಂಕಿಯನ್ನು ಹೊಡೆದುಹಾಕಿ, ಭಾವ್‌ಕಾಪಿಯ ಬೆಲೆ ಬರೆದು, ಪಕ್ಕದಲ್ಲಿ ‘ಬೋನಸ್‌ಗೆ ಮುಂಚೆ’ ಎಂದು ಸೇರಿಸಿಕೊಂಡರು. ಹಳೆ ಬೆಲೆ ಹಂಚಿಕೊಳ್ಳುವ ಪ್ರತಿಯೊಬ್ಬರೂ ಆ ಎರಡು ಪದ ಸೇರಿಸಿದರೆ ಸಾಕು, 9 ಪೈಸೆಯ ಸಂದೇಶ ಹುಟ್ಟುವುದೇ ಇಲ್ಲ.